ಗಾಳಿಯ ಸಂಜೆ, ಹೊಳವಾಗದ ಮಳೆ

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಬಾಲ್ಯದಲ್ಲಿ ಮಳೆಯ ಭಯವಿರಲಿಲ್ಲ. ಇದ್ದದ್ದು ಗಾಳಿಯ ಭಯ. ಅರಬ್ಬೀ ಸಮುದ್ರದ ತೇವ ಹೊತ್ತು ಬರುವ ಗಾಳಿ ಪಶ್ಚಿಮಘಟ್ಟಕ್ಕೆ ತಡೆದು, ಮೇಲೇರಿ, ತಣಿದು ಸುರಿಯುವುದರಿಂದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದು ಹೇಳಿಕೇಳಿ ಬರುವ ಮಳೆ. ಅದಕ್ಕೆಂದೇ ಬೇಸಿಗೆಯಲ್ಲಿ ಹಂಚು ಕೈಯಾಡಿಸಿ, ಸೌದೆ ಒಟ್ಟಿ, ಇರಚಲು ಹೊಡೆಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು.

ಏಪ್ರಿಲ್, ಮೇ ತಿಂಗಳ ಸಂಜೆಯ ಗಾಳಿಮಳೆಗೆ ಅಂಥ ಸಿದ್ಧತೆ ಸಾಧ್ಯವಿರಲಿಲ್ಲ. ಮಧ್ಯಾಹ್ನವೆಲ್ಲ ಎಲೆ ಅಲುಗದ ಸೆಕೆ. ನಾಲ್ಕು ಗಂಟೆಯ ಹೊತ್ತಿಗೆ ಗುಡ್ಡದ ಹಿಂದೆ ಮೋಡ ಕಪ್ಪಾಗಿ ಎದ್ದು ನಿಲ್ಲುತ್ತಿತ್ತು. ಬೀಳುವ ಹನಿಗಳು ದಾರಿಯಲ್ಲೇ ಆರುತ್ತ ತಂಪಾಗಿಸಿದ ಗಾಳಿ ಭಾರವಾಗಿ ಕೆಳಕ್ಕಿಳಿದು, ನೆಲ ಮುಟ್ಟಿ, ಸುತ್ತಲೂ ನುಗ್ಗುವುದರಿಂದ ಮಳೆಗಿಂತ ಮೊದಲು ಗಾಳಿಯೇ ಬರುತ್ತದೆಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ಆಗ ಗೊತ್ತಿದ್ದದ್ದು ಅಪ್ಪಯ್ಯನ ಒಂದೇ ಕೂಗು: “ಯಾರೂ ತೋಟಕ್ಕೆ ಇಳೀಬೇಡಿ!” ಒಂದು ಸಂಜೆಯಂತೂ ಆಲಿಕಲ್ಲು ಹಂಚಿನ ಮೇಲೆ ಬೀಳುತ್ತಿದ್ದ ಸದ್ದಿನ ನಡುವೆಯೂ ತೋಟದೊಳಗೆ ಮರಗಳು ಲಟಲಟನೆ ಮುರಿಯುವುದು ಜಗಲಿಗೆ ಕೇಳಿಸುತ್ತಿತ್ತು. ಸಪೂರ ಕಾಂಡ, ತುದಿಯಲ್ಲಷ್ಟೇ ಹೆಡಲು ಮತ್ತು ಗೊನೆಯ ಭಾರ. ಒಂದು ಅಡಿಕೆಮರ ಬೀಳುವಾಗ ಪಕ್ಕದ ಮರಗಳನ್ನೂ ಕೆಡವಿಕೊಂಡೇ ಬೀಳುತ್ತದೆ. ಬೆಳಿಗ್ಗೆ ಅಪ್ಪಯ್ಯ ಬಿದ್ದ ಮರಗಳ ನಡುವೆ ಮಾತಿಲ್ಲದೆ ನಡೆದರು. ಹೊಸ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಆ ಮೌನದ ತೂಕ ಮಕ್ಕಳಾದ ನಮಗೂ ತಿಳಿದಿತ್ತು.

ಆದರೂ ಹಿರಿಯರು ನಿಜವಾಗಿ ಅಂಜುತ್ತಿದ್ದದ್ದು ಪುನರ್ವಸು, ಪುಷ್ಯ ಮಳೆಗಳು ಹೊಳವಾಗದೆ, ಅಂದರೆ ನಡುವೆ ಬಿಡುವೇ ಕೊಡದೆ, ಹಿಡಿದಾಗ. ಕರೆಂಟು ಹೋಗಿ, ಹಳ್ಳ ದಾಟುವ ಕಾಲುಸೇತುವೆಯಾದ ಸಂಕ ಮುಳುಗಿ, ಶಾಲೆಗೂ ಪೇಟೆಗೂ ದಾರಿಯಿಲ್ಲದಾಗ ಸೆಲ್ಲು ಹಾಕಿದ ರೇಡಿಯೋದಲ್ಲಿ ಭದ್ರಾವತಿ ಕೇಂದ್ರದ ದನಿಯೊಂದೇ ಹೊರಗಿನದಾಗಿರುತ್ತಿತ್ತು. ಅಜ್ಜಿ ರಾತ್ರಿ ಹಳ್ಳದ ಸದ್ದಿಗೆ ಕಿವಿಗೊಟ್ಟು, ನೀರು ಏರಿತೋ ಇಳಿಯಿತೋ ಹೇಳುತ್ತಿದ್ದರು. ಅದೇ ನೀರು ತುಂಗೆಗೆ ಸೇರಿ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪವನ್ನು ಮುಳುಗಿಸಿದರೆ, ಪೇಟೆಯವರಿಗೆ ಹೊಳೆ ತುಂಬಿದ ಸುದ್ದಿ.

ತೋಟಕ್ಕೆ ಬರುತ್ತಿದ್ದದ್ದು ಕೊಳೆರೋಗ. ಬಿಡದ ತೇವದಲ್ಲಿ ಹರಡುವ ಈ ರೋಗ ತಗುಲಿದ ಎಳೆಗಾಯಿಗಳು ಕೊಳೆತು ಉದುರುತ್ತವೆ. ಗಾಳಿ ಒಂದು ಗಂಟೆಯಲ್ಲಿ ಸದ್ದುಮಾಡಿ ಒಯ್ಯುವುದಕ್ಕಿಂತ ಹೆಚ್ಚಿನದನ್ನು ಇದು ಸದ್ದಿಲ್ಲದೆ ಒಯ್ಯುತ್ತಿತ್ತು. ಮೈಲುತುತ್ತ ಮತ್ತು ಸುಣ್ಣ ತಲಾ ಒಂದು ಕಿಲೋವನ್ನು ನೂರು ಲೀಟರ್ ನೀರಿಗೆ ಬೆರೆಸಿದ ಬೋರ್ಡೋ ದ್ರಾವಣವೇ ಇದಕ್ಕೆ ತಡೆ. ಹೊಡೆದದ್ದು ಗೊನೆಗೆ ಅಂಟಿ ಒಣಗಲು ಹೊಳವು ಬೇಕಲ್ಲ! ಅರ್ಧ ದಿನ ಮೋಡ ತೆರೆಯಿತೆಂದರೆ ಔಷಧಿ ಹೊಡೆಯುವವರು ಪಾಚಿಗಟ್ಟಿ ಜಾರುವ ಮರಗಳನ್ನು ಏರುತ್ತಿದ್ದರು, ಒಂದರ ತುದಿಯಿಂದ ಇನ್ನೊಂದನ್ನು ಬಳಿಗೆಳೆದು ದಾಟುತ್ತಿದ್ದರು. ಮಲೆನಾಡಿನ ಮಳೆಯನ್ನು ನೆನೆಯುವಾಗ ಜಗಲಿಯಲ್ಲಿ ಬೆಚ್ಚಗೆ ಕುಳಿತ ನಮಗಿಂತ ಅವರ ಧೈರ್ಯವನ್ನೇ ಮೊದಲು ಹೇಳಬೇಕೆಂದು ನನಗನ್ನಿಸುತ್ತದೆ. ಈಗ ಹಲವು ತೋಟಗಳಲ್ಲಿ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಔಷಧಿ ಹೊಡೆಯುತ್ತಾರೆ. ಹೊಳವಿಗಾಗಿ ಕಾಯುವುದು ಮಾತ್ರ ಅವರಿಗೂ ತಪ್ಪಿಲ್ಲ. ನಮಸ್ಕಾರ.