ಜೋಗಿಮಟ್ಟಿಯ ಸುತ್ತುಹಾದಿ, ನಡುವೆ ಒಂದು ಬಂಗಲೆ

ಕೇಳುಗರಿಗೆ ನಮಸ್ಕಾರ.

ದುರ್ಗದಲ್ಲಿ ಬೆಟ್ಟ ಎಂದ ಕೂಡಲೇ ಎಲ್ಲರ ಕಣ್ಣೂ ಕೋಟೆಯ ಕಡೆಗೇ ಹೋಗುತ್ತದೆ. ಏಳು ಸುತ್ತಿನ ಕೋಟೆಯನ್ನೂ ಓಬವ್ವನ ಕಿಂಡಿಯನ್ನೂ ನೋಡಿ ಇಳಿದವರು ಊರು ಮುಗಿಯಿತೆಂದು ಬಸ್ಸು ಹತ್ತುತ್ತಾರೆ. ಆದರೆ ಊರಿನ ದಕ್ಷಿಣಕ್ಕೆ, ಗಾಳಿಯಂತ್ರಗಳು ನಿಂತ ಸಾಲುಬೆಟ್ಟದ ನೆತ್ತಿಯ ಮೇಲೆ, ಜೋಗಿಮಟ್ಟಿ ಎಂಬ ಜಾಗವಿದೆ. ಅಲ್ಲಿ ಅರಣ್ಯ ಇಲಾಖೆಯ ಹಳೆಯ ಬಂಗಲೆಯೊಂದಿದೆ. ಬೆಳಿಗ್ಗೆ ಊರಿನಿಂದ ನಡೆದು ಹೊರಟು, ಆ ಬಂಗಲೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ, ಹತ್ತಿದ ದಾರಿಯನ್ನು ಬಿಟ್ಟು ಇನ್ನೊಂದು ಮಗ್ಗುಲಿನಿಂದ ಇಳಿದು, ಸಂಜೆಯೊಳಗೆ ಮನೆ ಸೇರುವ ಒಂದು ದಿನದ ಸುತ್ತಾಟವೇ ಇಂದಿನ ನನ್ನ ಮಾತಿನ ವಿಷಯ.

ಬೆಟ್ಟದ ಮೇಲೆ ದಾರಿಹೋಕರಿಗಾಗಿ ಮನೆ ಕಟ್ಟುವ ರೂಢಿ ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಬಹಳ ಹಿಂದಿನದು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ನಡುವಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯಲ್ಲಿ, 2,469 ಮೀಟರ್ ಎತ್ತರದಲ್ಲಿ, ಕ್ರೈಸ್ತ ಸನ್ಯಾಸಿಗಳು 11ನೆಯ ಶತಮಾನದಲ್ಲೇ ತಂಗುಮನೆ ಕಟ್ಟಿದರು; ಹಿಮದಲ್ಲಿ ಹೂತುಹೋದವರನ್ನು ಹುಡುಕುವ ನಾಯಿಗಳಿಗೆ ಹೆಸರು ಬಂದದ್ದೂ ಅಲ್ಲಿಂದಲೇ. ಇಟಲಿಯ ಮಾರ್ಗರೀಟಾ ತಂಗುಮನೆ 1893ರಲ್ಲಿ ತೆರೆದಾಗ ಅದು ನಿಂತದ್ದು 4,554 ಮೀಟರ್ ಎತ್ತರದ ಶಿಖರದ ಮೇಲೆ. ಅಲ್ಲಿಯ ಮನೆಗಳೆಲ್ಲ ಚಳಿಯಿಂದ, ಹಿಮಗಾಳಿಯಿಂದ ಜೀವ ಉಳಿಸಲು ಕಟ್ಟಿದವು. ನಮ್ಮ ಬಯಲುಸೀಮೆಯಲ್ಲಿ ಬೆಟ್ಟ ಹತ್ತುವವನನ್ನು ಕೊಲ್ಲುವುದು ಚಳಿಯಲ್ಲ, ಬಿಸಿಲು. ಆದ್ದರಿಂದ ನಮಗೆ ಆಸರೆ ಎಂದರೆ ನೆರಳು ಮತ್ತು ನೀರು. ಬೇಸಿಗೆಯಲ್ಲಿ ರಸ್ತೆಯ ಬದಿಗೆ ಅರವಟ್ಟಿಗೆ ಇಡುವ ನಾಡು ನಮ್ಮದು. ಜೋಗಿಮಟ್ಟಿಯ ಬಂಗಲೆಯನ್ನು ನಾನು ಎತ್ತರದಲ್ಲಿರುವ ಅರವಟ್ಟಿಗೆಯೆಂದೇ ಎಣಿಸುತ್ತೇನೆ.

ಈ ನೀರಿನ ಲೆಕ್ಕ ದುರ್ಗದ ಕಲ್ಲುಗಳಿಗೆ ಹೊಸದೇನಲ್ಲ. ಊರ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ 4ನೆಯ ಶತಮಾನದ ಬಂಡೆಶಾಸನ ಹೇಳುವುದು ಕೆರೆಯ ಮಾತನ್ನೇ. ಕೋಟೆಯ ಒಳಗೂ ಗೋಪಾಲಸ್ವಾಮಿ ಹೊಂಡ ತುಂಬಿದ ಮೇಲೆ ಅದರ ನೀರು ಅಕ್ಕ ತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳವರೆಗೆ ಹರಿದುಬರುವ ಹಾಗೆ ಹಿರಿಯರು ಏರ್ಪಾಡು ಮಾಡಿದ್ದರು. ಅಂಥ ಊರಿನವನಾಗಿಯೂ ನಾನು ಮೊದಲ ಸಲ ಜೋಗಿಮಟ್ಟಿಗೆ ಹೊರಟಾಗ ಕೈಯಲ್ಲಿ ಹಿಡಿದದ್ದು ಒಂದೇ ಒಂದು ಲೀಟರಿನ ಬಾಟಲಿ.

ಅದು ಮೇ ತಿಂಗಳು. ತಿಂಡಿ ಮುಗಿಸಿ, ಹರಟೆ ಹೊಡೆದು, ನಾನೂ ನನ್ನ ಗೆಳೆಯರೊಬ್ಬರೂ ಮನೆ ಬಿಟ್ಟಾಗ ಗಂಟೆ ಒಂಬತ್ತು ದಾಟಿತ್ತು. ಆಡುಮಲ್ಲೇಶ್ವರದವರೆಗೆ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಗುಡಿಯಿದೆ, ಮರಗಳಿವೆ, ಕಿರುಮೃಗಾಲಯಕ್ಕೆ ಬಂದ ಮಕ್ಕಳ ಗದ್ದಲವಿದೆ. ಅಲ್ಲಿಂದ ಮುಂದೆ ಟಾರು ರಸ್ತೆ ಕಾಡಿನೊಳಗೆ ಸುತ್ತಿ ಸುತ್ತಿ ಏರುತ್ತದೆ. ಇಲ್ಲಿಯ ಕಾಡು ಮಲೆನಾಡಿನದಲ್ಲ. ದಿಂಡಿಗ, ಕಕ್ಕೆ, ಮುತ್ತುಗ, ಸೀತಾಫಲದ ಪೊದೆ, ನಡುವೆ ಎದೆಯೆತ್ತರದ ಬಾದೆ ಹುಲ್ಲು. ಬೇಸಿಗೆಯಲ್ಲಿ ಇವುಗಳಲ್ಲಿ ಬಹುಪಾಲು ಎಲೆ ಉದುರಿಸಿ ನಿಂತಿರುತ್ತವೆ. ಮರವಿದೆ, ನೆರಳಿಲ್ಲ. ಹನ್ನೊಂದೂವರೆಗೆ ಬಾಟಲಿ ಖಾಲಿಯಾಯಿತು. ಹನ್ನೆರಡಕ್ಕೆ ಗೆಳೆಯರು ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸುವ ಆಸಾಮಿಯಲ್ಲ. ಕಡೆಯ ತಿರುವಿನಲ್ಲಿ ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತು, ತಲೆ ತಿರುಗುತ್ತಿದೆ ಎಂದರು. ಕೈ ಹಿಡಿದು ನೋಡಿದರೆ ಬೆವರೇ ಇರಲಿಲ್ಲ. ಬಿಸಿಲಿನಲ್ಲಿ ಏರು ಹತ್ತುವ ಮೈಯಿಂದ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೂ ಬೆವರು ಹೋಗುತ್ತದೆ. ಅಂಥ ಹೊತ್ತಿನಲ್ಲಿ ಬೆವರು ಒಣಗಿತೆಂದರೆ ಅದು ಹೆದರಬೇಕಾದ ಚಿಹ್ನೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಹೇಗೋ ಅವರನ್ನು ಬಂಗಲೆಯ ಜಗುಲಿಗೆ ತಲುಪಿಸಿದೆ. ಅಲ್ಲಿದ್ದ ವಾಚರ್, ಅರವತ್ತರ ಆಸುಪಾಸಿನ ಹಿರಿಯರು, ನಮ್ಮನ್ನು ನೋಡಿದವರೇ ಒಂದು ಮಾತನ್ನೂ ಕೇಳದೆ ಒಳಗೆ ಹೋದರು. ಗೋಡೆಯ ಮೂಲೆಯಲ್ಲಿ, ಮರಳಿನ ಮೇಲೆ, ಒದ್ದೆ ಗೋಣಿಚೀಲ ಸುತ್ತಿದ ಮಣ್ಣಿನ ಗಡಿಗೆ ಕೂತಿತ್ತು. ಅದರ ಬಾಯಿಗೆ ಮುಚ್ಚಿದ್ದ ಹಲಗೆಯ ಮೇಲೆ ಒಂದು ಲೋಟ ಬೋರಲು ಹಾಕಿತ್ತು. ಮೊದಲು ಆ ನೀರಿನಲ್ಲಿ ಟವೆಲ್ಲು ಅದ್ದಿ ಗೆಳೆಯರ ಕತ್ತಿಗೆ ಸುತ್ತಿದರು. ಆಮೇಲೆ ತಮ್ಮ ಬುತ್ತಿಯ ಜೊತೆಗೆ ತಂದಿದ್ದ ಮಜ್ಜಿಗೆಗೆ ನೀರು ಬೆರೆಸಿ, ಹರಳುಪ್ಪು ಉದುರಿಸಿ, ಬೆರಳಿನಿಂದಲೇ ತಿರುವಿ ಕೊಟ್ಟರು. "ಗುಟುಕು ಗುಟುಕಾಗಿ ಕುಡೀರಿ, ಗಟಗಟ ಕುಡಿದ್ರೆ ಕಕ್ಕೊಂಬ್ತೀರಿ," ಎಂದದ್ದೇ ಅವರ ಮೊದಲ ಮಾತು. ಅಂದು ಸುತ್ತುಹಾದಿಯ ವಿಚಾರ ಅಲ್ಲಿಗೇ ನಿಂತಿತು. ಸಂಜೆ ತಂಪಾದ ಮೇಲೆ ಅದೇ ಟಾರು ರಸ್ತೆಯಲ್ಲಿ ಇಳಿದೆವು. ಬಂದ ದಾರಿಗೆ ಸುಂಕವಿಲ್ಲ ಎನ್ನುವುದು ಬರಿಗೈಯಲ್ಲಿ ಮರಳಿದವರ ಗಾದೆ. ನಮಗದು ಅಕ್ಷರಶಃ ಹೊಂದಿತು.

ಹೋದ ದಾರಿಯಲ್ಲೇ ಮರಳುವುದಕ್ಕೂ ಸುತ್ತು ಹಾಕಿ ಮರಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಮೊದಲನೆಯದರಲ್ಲಿ ದಣಿವಾದಲ್ಲಿ ಹಿಂದಿರುಗಬಹುದು, ಮುಂದೇನಿದೆ ಎಂಬುದೂ ಗೊತ್ತಿರುತ್ತದೆ. ಸುತ್ತುಹಾದಿಯಲ್ಲಿ ಅರ್ಧ ದಾಟಿದ ಮೇಲೆ ಹಿಂದಿರುಗಿದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಜೊತೆಗೆ ಮುಂದಿನದು ಕಾಣದ ದಾರಿ. ಆದ್ದರಿಂದ ಆ ಅರ್ಧದ ಗುರುತಿನಲ್ಲಿ ನಿಂತು ಲೆಕ್ಕ ಹಾಕಲೇಬೇಕು, ಮತ್ತು ನಮ್ಮ ಪುಣ್ಯಕ್ಕೆ ಜೋಗಿಮಟ್ಟಿಯ ಬಂಗಲೆ ನಿಂತಿರುವುದು ಸರಿಯಾಗಿ ಅಲ್ಲಿಯೇ. ಹೊತ್ತಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದಿದೆ: ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಊರಿನಿಂದ ಬಂಗಲೆಗೆ ಹತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ, ಏರು 400 ಮೀಟರಿಗೂ ಮಿಗಿಲು. ಅಂದರೆ ಕೂರದೆ ನಡೆದರೆ ಎರಡೂಮುಕ್ಕಾಲು ಗಂಟೆ. ಆ ಮಹಾಶಯರು ದುರ್ಗದ ಬಿಸಿಲನ್ನು ಕಂಡವರಲ್ಲವಾದ್ದರಿಂದ ನಾನು ಇದಕ್ಕೆ ಒಂದು ಗಂಟೆ ಧಾರಾಳವಾಗಿ ಸೇರಿಸಿಕೊಳ್ಳುತ್ತೇನೆ. ನೀರಿನ ಲೆಕ್ಕ ಇನ್ನೂ ಸುಲಭ. ಲೀಟರಿಗೆ ಒಂದು ಕಿಲೋ ಭಾರವೆಂದು ಗೊಣಗಿಕೊಂಡಾದರೂ ತಲೆಗೆ ಮೂರು ಲೀಟರ್ ಹೊರಬೇಕು.

ಎರಡನೆಯ ಸಲ ಹೋದದ್ದು ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲಿ, ಬೆಳಗಿನ ಆರಕ್ಕೆ. ವನ್ಯಜೀವಿಧಾಮವಾದ್ದರಿಂದ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿದ್ದೆವು. ಹುಲ್ಲು ಹಸಿರಾಗಿತ್ತು, ಸೀತಾಫಲ ಕಣ್ಣು ಬಿಡುತ್ತಿತ್ತು. ಹತ್ತಕ್ಕೆಲ್ಲ ಜಗುಲಿಯಲ್ಲಿ ಕೂತು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಊರಿಗಿಂತ ಅಲ್ಲಿ ತಂಪು ಎರಡು ಮೂರು ಡಿಗ್ರಿ ಹೆಚ್ಚಷ್ಟೇ, ಆದರೆ ಬೀಸುವ ಗಾಳಿ ಅದನ್ನು ಐದಾರೆಂದು ನಂಬಿಸುತ್ತದೆ. ಬುತ್ತಿ ಮುಗಿದ ಮೇಲೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿದೆವು: ನಾಲ್ವರಿಗೆ ಏಳು ಲೀಟರ್ ಉಳಿದಿತ್ತು. ಒಬ್ಬರ ಮೊಣಕಾಲು ಹಿಡಿದುಕೊಂಡಿತ್ತು. ಅವರು ಬೇಸರವಿಲ್ಲದೆ, ಮೇಲೆ ಬಂದಿದ್ದ ಜೀಪಿನಲ್ಲಿ ಟಾರು ರಸ್ತೆ ಹಿಡಿದರು.

ಉಳಿದ ಮೂವರು ಅದೇ ಹಿರಿಯ ವಾಚರ್ ಹಿಂದೆ ಹಿಮವತ್ ಕೇದಾರ ಎಂಬ ಶಿವನ ತಾಣದ ಕಡೆಯ ಕಾಲುದಾರಿಗೆ ಇಳಿದೆವು. ಕಲ್ಲು ಜಾರುತ್ತದೆ, ಏರಿಗಿಂತ ಇಳಿಜಾರಿನಲ್ಲಿ ಮಂಡಿಗೆ ಪೆಟ್ಟು ಹೆಚ್ಚು. ಒಂದು ಕಡೆ ಹೊಸದಾಗಿ ಬಗೆದ ಹುತ್ತವನ್ನು ಅವರು ಕೋಲಿನಿಂದ ತೋರಿಸಿದರು. ಗೆದ್ದಲಿಗಾಗಿ ಕರಡಿ ಬಗೆದದ್ದು, ಮಣ್ಣು ಇನ್ನೂ ಹಸಿಯಾಗಿತ್ತು. ಅಲ್ಲಿಂದ ಮುಂದೆ ಯಾರೂ ಹೇಳಿಸಿಕೊಳ್ಳದೆ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು ನಡೆದೆವು. ಬಂಡೆಯ ಬುಡದಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳಿದ ಮೇಲೆಯೇ ನಮ್ಮ ಮಾತು ಮರಳಿದ್ದು. ವಾಚರ್ ಚಪ್ಪಲಿ ಬಿಟ್ಟು ಕೈಮುಗಿದರು, ಬೊಗಸೆಯಲ್ಲಿ ನೀರು ಹಿಡಿದು ಮುಖಕ್ಕೆ ಹಾಕಿಕೊಂಡರು.

ನಾಲ್ಕೂವರೆಗೆ ಆಡುಮಲ್ಲೇಶ್ವರ ಮುಟ್ಟಿದಾಗ, ಮೊಣಕಾಲಿನ ಗೆಳೆಯರು ಗುಡಿಯ ಕಟ್ಟೆಯ ಮೇಲೆ ಮಂಡಕ್ಕಿ ಪೊಟ್ಟಣ ಹಿಡಿದು ಕೂತಿದ್ದರು. ನಮ್ಮ ಬಾಟಲಿಗಳಲ್ಲಿ ಇನ್ನೂ ಒಂದು ಲೀಟರಿನಷ್ಟು ನೀರಿತ್ತು. ಅದನ್ನು ಅವರ ಎದುರಿಗೇ ಕಟ್ಟೆಯ ಪಕ್ಕದ ಗಿಡದ ಬುಡಕ್ಕೆ ಸುರಿದೆ.

ನಮಸ್ಕಾರ.