ಮೂತ್ರಕೋಶದ ಗಡ್ಡೆ ಮತ್ತೆ ಬಂದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದ ಕಡೆ ಕೆಲವು ಮನೆಗಳಲ್ಲಿ ಬೀರುವಿನೊಳಗೆ ಒಂದು ದಪ್ಪ ಫೈಲು ಇರುತ್ತದೆ. ಡಿಸ್ಚಾರ್ಜ್ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ಬಯಾಪ್ಸಿ ರಿಪೋರ್ಟು ಎಲ್ಲ ಅದರಲ್ಲಿರುತ್ತವೆ. ಆ ಬಯಾಪ್ಸಿ ಕಾಗದದಲ್ಲಿ ಮೂತ್ರಕೋಶದ ಕ್ಯಾನ್ಸರ್, ಲೋ ಗ್ರೇಡ್, ಅಂದರೆ ನಿಧಾನಕ್ಕೆ ಬೆಳೆಯುವ ಜಾತಿ, ಎಂದು ಬರೆದಿರುತ್ತಾರೆ. ಗಡ್ಡೆ ತೆಗೆಸಿ ವರ್ಷವಾಗಿರಬಹುದು, ಎರಡನೇ ಸಲವೋ ಮೂರನೇ ಸಲವೋ ತೆಗೆಸಿರಬಹುದು. ಇವತ್ತಿನ ಮಾತು ಆ ಮನೆಯವರಿಗೆ.

ಹೇಳುವುದು ಒಂದೇ ವಿಷಯ. ಸಿಸ್ಟೋಸ್ಕೋಪಿಗೆ, ಅಂದರೆ ಕ್ಯಾಮೆರಾ ಹಾಕಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆಗೆ, ಕೊಟ್ಟ ತಾರೀಖನ್ನು ತಪ್ಪಿಸಬೇಡಿ. ನೋವಿಲ್ಲ, ರಕ್ತ ಹೋಗುತ್ತಿಲ್ಲ, ಆರೋಗ್ಯವಾಗಿದ್ದೇನೆ, ಯಾಕೆ ಹೋಗಬೇಕು ಎನ್ನಬೇಡಿ. ಚೆನ್ನಾಗಿರುವಾಗ ನೋಡುವುದಕ್ಕೇ ಆ ತಾರೀಖು ಕೊಟ್ಟಿರುವುದು.

ಕಾಯಿಲೆಯ ಸ್ವಭಾವ ಇಷ್ಟು. ಮೂತ್ರಪಿಂಡದಿಂದ ಹಿಡಿದು ಮೂತ್ರನಾಳ, ಮೂತ್ರಕೋಶದವರೆಗೂ ಒಳಗಡೆ ಒಂದೇ ತರಹದ ತೆಳು ಪೊರೆ ಹಾಸಿದೆ. ಬೀಡಿ, ಸಿಗರೇಟಿನ ವಿಷ ರಕ್ತಕ್ಕೆ ಸೇರಿ, ಮೂತ್ರಪಿಂಡದಲ್ಲಿ ಸೋಸಿ, ಮೂತ್ರದ ಜೊತೆ ಬಂದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಹೀಗೆ ವರ್ಷಾನುಗಟ್ಟಲೆ ಆ ಪೊರೆ ನೆನೆದಿರುತ್ತದೆ. ಒಂದು ಕಡೆ ಗಡ್ಡೆ ತೆಗೆದರೂ ಉಳಿದ ಪೊರೆ ಅದೇ ತಾನೆ? ಹೊಲದಲ್ಲಿ ತುಂಗೆ ಹುಲ್ಲು ಕಿತ್ತ ಹಾಗೆ, ಇಲ್ಲಿ ಕಿತ್ತರೆ ಇನ್ನೊಂದು ಮೂಲೆಯಲ್ಲಿ ತಲೆ ಎತ್ತುತ್ತದೆ. ಲೋ ಗ್ರೇಡ್ ಗಡ್ಡೆ ತೆಗೆಸಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಐದು ವರ್ಷದೊಳಗೆ ಮತ್ತೆ ಬರುತ್ತದೆ. ಆದರೆ ಅದು ಪೊರೆ ದಾಟಿ ಮಾಂಸದ ಪದರಕ್ಕೆ ಇಳಿಯುವುದು ನೂರರಲ್ಲಿ ಕೆಲವೇ ಜನರಿಗೆ. ಮತ್ತೆ ಬಂತು ಅಂದರೆ ಡಾಕ್ಟರು ಸರಿಯಾಗಿ ತೆಗೆಯಲಿಲ್ಲ ಎಂದಲ್ಲ, ಜೀವಕ್ಕೆ ಬಂತು ಎಂದೂ ಅಲ್ಲ. ಬೇಗ ನೋಡಿದರೆ ಜೋಳದ ಕಾಳಿಗಿಂತ ಚಿಕ್ಕದಿರುವಾಗಲೇ ಸಿಗುತ್ತದೆ. ಬಿಟ್ಟರೆ ಮತ್ತೆ ಆಪರೇಷನ್ ಥಿಯೇಟರು, ಬೆನ್ನಿಗೆ ಇಂಜೆಕ್ಷನ್ನು, ಎರಡು ದಿನ ಕ್ಯಾಥೆಟರು, ಅಂದರೆ ಮೂತ್ರ ಹೊರಬಿಡುವ ಕೊಳವೆ.

ಈಗ ಎಲ್ಲರೂ ಮಾಡುವ ತಪ್ಪಿಗೆ ಬರೋಣ. ಬೆಂಗಳೂರಿಗೆ ಹೋಗುವುದು ತಾಪತ್ರಯ ಅಂತ ಊರಲ್ಲೇ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಾರೆ. ನಾರ್ಮಲ್ ಎಂದು ಬರುತ್ತದೆ. ಒಂದು ವರ್ಷ ನೆಮ್ಮದಿ. ದಯವಿಟ್ಟು ಕೇಳಿ: ಮೂರು, ನಾಲ್ಕು ಮಿಲಿಮೀಟರಿನ ಗಡ್ಡೆ ಅಲ್ಟ್ರಾಸೌಂಡಿಗೆ ಕಾಣುವುದೇ ಅಪರೂಪ. ಮೂತ್ರಕೋಶ ಪೂರ್ತಿ ತುಂಬಿರದಿದ್ದರೆ ಪೊರೆಯ ಮಡಿಕೆಯಲ್ಲಿ ಅದಕ್ಕಿಂತ ದೊಡ್ಡದೂ ತಪ್ಪಿಹೋಗುತ್ತದೆ. ಇನ್ನು ಮೂತ್ರದಲ್ಲಿ ಕ್ಯಾನ್ಸರ್ ಕಣ ಹುಡುಕುವ ಸೈಟಾಲಜಿ ಎಂಬ ಪರೀಕ್ಷೆ ಇದೆ. ಹೈ ಗ್ರೇಡ್, ಅಂದರೆ ಬೇಗ ಬೆಳೆಯುವ ಜಾತಿ, ಹಿಡಿಯುವುದಕ್ಕೆ ಅದು ಒಳ್ಳೆಯದು. ಲೋ ಗ್ರೇಡಿನ ಕಣ ನೋಡುವುದಕ್ಕೆ ಹೆಚ್ಚುಕಡಿಮೆ ಸಹಜ ಕಣದ ಹಾಗೇ ಇರುತ್ತದೆ, ಆದ್ದರಿಂದ ಬಹಳ ಸಲ ಸೈಟಾಲಜಿಗೆ ಸಿಗುವುದಿಲ್ಲ. ಹಾಗಾಗಿ ಸಿಸ್ಟೋಸ್ಕೋಪಿಗೆ ಬದಲಿ ಇಲ್ಲ. ಇನ್ನೊಂದು ಸಲ ಹೇಳುತ್ತೇನೆ, ಬದಲಿ ಇಲ್ಲ.

ಭಯ ಇರುವುದು ಸಹಜ. ಗಂಡಸರಿಗಂತೂ ಹೆಚ್ಚು. ನಡೆಯುವುದು ಇಷ್ಟೇ: ಮೊದಲು ಮೂತ್ರ ಪರೀಕ್ಷೆ. ಸೋಂಕು ಇದ್ದರೆ ಆ ದಿನ ಮಾಡುವುದಿಲ್ಲ, ಔಷಧಿ ಕೊಟ್ಟು ಮುಂದಕ್ಕೆ ಹಾಕುತ್ತಾರೆ, ಯಾಕೆಂದರೆ ಸೋಂಕು ರಕ್ತಕ್ಕೆ ಏರಿಬಿಡುತ್ತದೆ. ಆಮೇಲೆ ಮೂತ್ರದ ದಾರಿಗೆ ಲಿಗ್ನೋಕೇನ್ ಜೆಲ್ಲಿ ಬಿಡುತ್ತಾರೆ. ಅದು ಮರಗಟ್ಟಿಸುವುದಕ್ಕೆ ಐದರಿಂದ ಹತ್ತು ನಿಮಿಷ ಬೇಕು. ಆ ಹೊತ್ತು ಕೊಡದೆ ಅವಸರ ಮಾಡಿದರೆ ನೋವಾಗುತ್ತದೆ. "ಸ್ವಲ್ಪ ಹೊತ್ತು ಬಿಡಿ ಸಾರ್" ಎಂದು ಕೇಳುವುದಕ್ಕೆ ನಿಮಗೆ ಹಕ್ಕಿದೆ. ಬಾಗುವ ಸ್ಕೋಪ್, ಅಂದರೆ ಬಾಗುವ ಕ್ಯಾಮೆರಾ ಕೊಳವೆ, ಇದೆಯೇ ಎಂದೂ ಕೇಳಿ, ಗಂಡಸರಿಗೆ ಅದು ಎಷ್ಟೋ ಹಗುರ. ನೋಡುವುದಕ್ಕೆ ಐದೇ ನಿಮಿಷ. ಒಂದೆರಡು ದಿನ ಉರಿ, ಮೂತ್ರ ತಿಳಿಗೆಂಪಾಗಬಹುದು. ದಿನಕ್ಕೆ ಎರಡೂವರೆ, ಮೂರು ಲೀಟರ್ ನೀರು ಕುಡಿದರೆ ಹೋಗುತ್ತದೆ. ಹೃದಯದ ಅಥವಾ ಕಿಡ್ನಿಯ ತೊಂದರೆಗೆ ನೀರು ಕಡಿಮೆ ಕುಡಿಯಿರಿ ಎಂದು ಹೇಳಿದ್ದರೆ ಮಾತ್ರ ಆ ಲೆಕ್ಕವನ್ನೇ ಪಾಲಿಸಿ.

ಎಷ್ಟು ತಿಂಗಳಿಗೊಮ್ಮೆ? ಮೊದಲ ಸಲ ಬಂದ, ಒಂದೇ, ಚಿಕ್ಕ, ಲೋ ಗ್ರೇಡ್ ಗಡ್ಡೆಯಾದರೆ ತೆಗೆದ ಮೂರನೇ ತಿಂಗಳಿಗೆ, ಆಮೇಲೆ ಒಂದು ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ ಐದು ವರ್ಷ. ಮತ್ತೆ ಮತ್ತೆ ಬರುತ್ತಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ. ಆ ಮೂರನೇ ತಿಂಗಳಿನದನ್ನು ಯಾರೂ ಬಿಡಬಾರದು. ಆಗ ಖಾಲಿ ಇದ್ದರೆ ಮುಂದಿನ ದಾರಿ ಸುಗಮ, ಆಗಲೇ ಬಂದಿದ್ದರೆ ಚಿಕಿತ್ಸೆ ಬಲಪಡಿಸಬೇಕು ಎಂದರ್ಥ.

ಈ ಸ್ಕೋಪು ಎಲ್ಲಿಂದ ಬಂತು ಎನ್ನುವುದನ್ನು ಸ್ವಲ್ಪ ಹೇಳಲೇಬೇಕು. ಅದನ್ನು ಕೇಳಿದರೆ ಪರೀಕ್ಷೆಯ ಮೇಲೆ ನಿಮಗೂ ಗೌರವ ಬರುತ್ತದೆ. 1806ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಬೊಝಿನಿ ಎಂಬ ವೈದ್ಯ ಒಂದು ಉಪಕರಣ ಮಾಡಿದ. ಒಳಗೆ ಮೇಣದ ಬತ್ತಿ, ಅದರ ಪಕ್ಕ ಕನ್ನಡಿ, ಮುಂದೆ ಒಂದು ಕೊಳವೆ. ಮೇಣದ ಬತ್ತಿಯ ಬೆಳಕಿನಲ್ಲಿ ಮನುಷ್ಯನ ದೇಹದೊಳಗೆ ಇಣುಕುವ ಧೈರ್ಯ! ಏನೂ ಸರಿಯಾಗಿ ಕಾಣಲಿಲ್ಲ. ಮೂರೇ ವರ್ಷಕ್ಕೆ ಟೈಫಸ್ ಜ್ವರದಿಂದ ಆತ ತೀರಿಹೋದ. ಎಪ್ಪತ್ತು ವರ್ಷ ಕಳೆದ ಮೇಲೆ ಮ್ಯಾಕ್ಸ್ ನಿಟ್ಸೆ ಎಂಬ ಇನ್ನೊಬ್ಬ ಜರ್ಮನ್ ವೈದ್ಯನಿಗೆ ಹೊಳೆಯಿತು: ಬೆಳಕನ್ನು ಹೊರಗಿನಿಂದ ಬಿಡುವುದಲ್ಲ, ಕೊಳವೆಯ ತುದಿಯಲ್ಲೇ ಇಟ್ಟು ಒಳಗೆ ಕಳಿಸಬೇಕು. ವಿಯೆನ್ನಾದ ಲೈಟರ್ ಎಂಬ ಉಪಕರಣ ತಯಾರಕನ ಜೊತೆ ಸೇರಿ 1879ರಲ್ಲಿ ಅದನ್ನು ಮಾಡಿ ತೋರಿಸಿದ. ಆಗ ಬಲ್ಬು ಇನ್ನೂ ಬಳಕೆಗೆ ಬಂದಿರಲಿಲ್ಲ. ಪ್ಲಾಟಿನಂ ತಂತಿಯನ್ನು ವಿದ್ಯುತ್ತಿನಿಂದ ಹೊಳೆಯುವ ಹಾಗೆ ಕಾಯಿಸಿ ಬೆಳಕು ಮಾಡಿದರು. ಕಾದ ತಂತಿ ಮೂತ್ರಕೋಶವನ್ನು ಸುಡಬಾರದಲ್ಲ, ಅದಕ್ಕೆ ಸುತ್ತಲೂ ತಣ್ಣೀರು ಹರಿಸಿದರು. ಅಷ್ಟು ಕಷ್ಟಪಟ್ಟು ಮೊದಲ ಬಾರಿಗೆ ಬದುಕಿರುವ ಮನುಷ್ಯನ ಮೂತ್ರಕೋಶದ ಒಳಗೋಡೆ ಚೆನ್ನಾಗಿ ಕಂಡಿತು.

ಕಂಡರೂ ಗಡ್ಡೆ ತೆಗೆಯಬೇಕಾದರೆ ಹೆಚ್ಚಾಗಿ ಹೊಟ್ಟೆ ಕೊಯ್ಯಬೇಕಿತ್ತು. ಕೊಯ್ದ ಜಾಗದಲ್ಲೇ ಗಡ್ಡೆಯ ಕಣ ಬಿದ್ದು ಮತ್ತೆ ಬೆಳೆಯುತ್ತಿತ್ತು. ನಮ್ಮ ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ 90 ಮೈಲಿಗೂ ಹೆಚ್ಚು ದೂರ ತಂತಿ ಎಳೆದು ಕರೆಂಟು ತಂದದ್ದು 1902ರಲ್ಲಿ. ಅದಾದ ಎಂಟು ವರ್ಷಕ್ಕೆ, 1910ರಲ್ಲಿ, ನ್ಯೂಯಾರ್ಕಿನ ಎಡ್ವಿನ್ ಬಿಯರ್ ಎಂಬ ಸರ್ಜನ್ ಸ್ಕೋಪಿನ ಪಕ್ಕದ ಸಣ್ಣ ದಾರಿಯಲ್ಲಿ ಒಂದು ತಾಮ್ರದ ತಂತಿ ತೂರಿಸಿ, ನೀರು ತುಂಬಿದ ಮೂತ್ರಕೋಶದೊಳಗೆ ಗಡ್ಡೆಗೆ ತಂತಿಯ ತುದಿ ತಾಗಿಸಿ ಕರೆಂಟು ಕೊಟ್ಟು ಸುಟ್ಟ. ಇಬ್ಬರು ರೋಗಿಗಳ ವಿವರ ಬರೆದು ಪ್ರಕಟಿಸಿದ. ಹೊಟ್ಟೆ ಕೊಯ್ಯದೆ ಗಡ್ಡೆ ಹೋಯಿತು! ನೂರು ವರ್ಷ ದಾಟಿದರೂ ಇವತ್ತಿಗೂ ನಡೆಯುವುದು ಅದೇ ಕ್ರಮ. ಇಷ್ಟು ಜನ ಇಷ್ಟು ಶ್ರಮಪಟ್ಟು ಮಾಡಿದ ದಾರಿ ತೆರೆದಿರುವಾಗ, ತಾರೀಖು ಮರೆತು ಮನೆಯಲ್ಲಿ ಕೂರುವುದು ನ್ಯಾಯವೇ?

ಸಮಯ ಕಡಿಮೆಯಿದೆ, ಚಿಕಿತ್ಸೆಯ ಆಯ್ಕೆಗಳನ್ನು ಬೇಗ ಹೇಳುತ್ತೇನೆ.

ಮತ್ತೆ ಬಂದ ಗಡ್ಡೆ ಚಿಕ್ಕದು, ಒಂದು ಸೆಂಟಿಮೀಟರಿಗಿಂತ ಕಡಿಮೆ, ಎಣಿಕೆಯಲ್ಲಿ ಕೆಲವೇ, ಹಿಂದಿನ ಬಯಾಪ್ಸಿ ಲೋ ಗ್ರೇಡ್, ಸೈಟಾಲಜಿಯಲ್ಲಿ ತೊಂದರೆಯಿಲ್ಲ ಎಂದಿದ್ದರೆ ಮತ್ತೆ ಥಿಯೇಟರಿಗೆ ಹೋಗಲೇಬೇಕು ಎಂದಿಲ್ಲ. ಜೆಲ್ಲಿ ಹಾಕಿ ಹೊರರೋಗಿಯಾಗಿಯೇ ಸುಟ್ಟು ಕಳಿಸಬಹುದು. ಸುಟ್ಟರೆ ಬಯಾಪ್ಸಿಗೆ ತುಂಡು ಸಿಗುವುದಿಲ್ಲ, ಅದಕ್ಕೇ ನೋಟದಲ್ಲಿ ಅನುಮಾನವಿದ್ದರೆ ಸುಡಬಾರದು. ವಯಸ್ಸಾದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆಯಲ್ಲಿರುವವರು, ಅಂಥವರಲ್ಲಿ ಮೂರು ತಿಂಗಳಿಗೊಮ್ಮೆ ನೋಡುತ್ತಾ ಸುಮ್ಮನೆ ಕಾಯುವುದೂ ಒಪ್ಪಿತವಾದ ಚಿಕಿತ್ಸೆಯೇ. ಆದರೆ ಕಾಯುವುದೆಂದರೆ ಪರೀಕ್ಷೆಗೆ ಬರುತ್ತಾ ಕಾಯುವುದು!

ಗಡ್ಡೆ ದೊಡ್ಡದಾದರೆ, ಹೆಚ್ಚಾಗಿದ್ದರೆ ಟಿಯುಆರ್‌ಬಿಟಿ. ಮೂತ್ರದ ದಾರಿಯಿಂದಲೇ ತಂತಿಯ ಕುಣಿಕೆಯಲ್ಲಿ ಕೆರೆದು ತೆಗೆಯುವುದು. ಇದರಲ್ಲಿ ನೀವು ಕೇಳಬೇಕಾದದ್ದು ಒಂದಿದೆ: "ಆಪರೇಷನ್ ಆದ ದಿನವೇ ಮೂತ್ರಕೋಶಕ್ಕೆ ಒಂದು ಡೋಸ್ ಔಷಧಿ ಹಾಕುತ್ತೀರಾ?" ತೆಗೆದ 24 ಗಂಟೆಯೊಳಗೆ ಮೈಟೋಮೈಸಿನ್ 40 ಮಿಲಿಗ್ರಾಂ ಅಥವಾ ಜೆಮ್ಸಿಟಾಬಿನ್ 2 ಗ್ರಾಂ ಒಳಗೆ ಬಿಟ್ಟರೆ, ತೇಲಾಡುವ ಕಣಗಳು ಮತ್ತೆ ಅಂಟಿಕೊಳ್ಳುವ ಮೊದಲೇ ಸಾಯುತ್ತವೆ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೋ ಗ್ರೇಡ್ ಇದ್ದವರಿಗೆ ಬರೀ ಸಲೈನ್ ಹಾಕಿದಾಗ ನಾಲ್ಕು ವರ್ಷದಲ್ಲಿ 54 ಶೇಕಡಾ ಜನರಿಗೆ ಮರಳಿ ಬಂತು, ಜೆಮ್ಸಿಟಾಬಿನ್ ಹಾಕಿದವರಲ್ಲಿ 34 ಶೇಕಡಾ. ಕೆರೆಯುವಾಗ ಮೂತ್ರಕೋಶಕ್ಕೆ ತೂತು ಬಿದ್ದಿದ್ದರೆ ಮಾತ್ರ ಹಾಕಬಾರದು, ಔಷಧಿ ಹೊಟ್ಟೆಯೊಳಗೆ ಸೋರುತ್ತದೆ.

ಮೇಲಿಂದ ಮೇಲೆ ಬರುತ್ತಿದ್ದರೆ ಅದೇ ಔಷಧಿಯನ್ನು ವಾರಕ್ಕೊಂದರಂತೆ ಆರು ವಾರ ಹಾಕುತ್ತಾರೆ. ಇದು ಕೂದಲು ಉದುರಿಸುವ ಕಿಮೋ ಅಲ್ಲ, ಮೂತ್ರಕೋಶದೊಳಗೇ ಇರುತ್ತದೆ. ಮೈಟೋಮೈಸಿನ್ ಆದರೆ ಹಿಂದಿನ ರಾತ್ರಿಯಿಂದ ನೀರು ಕಡಿಮೆ ಕುಡಿಯಬೇಕು. ಮೂತ್ರ ಹೆಚ್ಚಾದರೆ ಔಷಧಿ ನೀರಾಗಿ ಬಲ ಕಳೆದುಕೊಳ್ಳುತ್ತದೆ. ಹುಳಿ ಮೂತ್ರದಲ್ಲಿ ಅದು ಕೆಡುವುದರಿಂದ ಸೋಡಿಯಂ ಬೈಕಾರ್ಬನೇಟ್ ಮಾತ್ರೆ ಕೊಡುತ್ತಾರೆ, ನುಂಗಲು ಮರೆಯಬೇಡಿ. ಎರಡು ಗಂಟೆ ಹಿಡಿದಿಟ್ಟುಕೊಳ್ಳಿ. ಆಮೇಲೆ ಆರು ಗಂಟೆ ಗಂಡಸರೂ ಕೂತೇ ಮೂತ್ರ ಮಾಡಬೇಕು, ಕಕ್ಕಸಿಗೆ ಬಕೆಟ್ ನೀರು ಸುರಿಯಬೇಕು, ಕೈ ಮತ್ತು ಆ ಜಾಗ ಸೋಪಿನಲ್ಲಿ ತೊಳೆಯಬೇಕು. ತೊಳೆಯದಿದ್ದರೆ ಅಂಗೈಯಲ್ಲಿ, ಜನನಾಂಗದ ಮೇಲೆ ತುರಿಯುವ ಗುಳ್ಳೆ ಏಳುತ್ತವೆ. ಉರಿಮೂತ್ರ ಎರಡು ಮೂರು ದಿನ ಇರಬಹುದು.

ಬಿಸಿಜಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಗುವಿಗೆ ಕ್ಷಯಕ್ಕೆ ಹಾಕುವ ಲಸಿಕೆಯ ಅದೇ ಜೀವಂತ ಸೂಕ್ಷ್ಮಾಣು. ಹೈ ಗ್ರೇಡಿಗೆ ಅದೇ ಮುಖ್ಯ. ಲೋ ಗ್ರೇಡಿನಲ್ಲಿ ಮೂತ್ರಕೋಶದೊಳಗೆ ಹಾಕುವ ಈ ಕಿಮೋ ಕೈಕೊಟ್ಟಾಗ ಯೋಚಿಸಿ, ಮೊದಲಿಗೇ ಬೇಡ. ಉರಿ, ಜ್ವರ ಹೆಚ್ಚು. ಮೂತ್ರದಲ್ಲಿ ರಕ್ತ ಅಥವಾ ಸೋಂಕು ಇರುವ ದಿನ ಹಾಕಿಸಲೇಬಾರದು. ಇನ್ನೊಂದು, ತಣ್ಣಗಿದ್ದಾಗ ದ್ರವವಾಗಿದ್ದು ಮೈಶಾಖಕ್ಕೆ ಜೆಲ್ ಆಗುವ ಮೈಟೋಮೈಸಿನ್. ಗಂಟೆಗಟ್ಟಲೆ ಗಡ್ಡೆಗೆ ಅಂಟಿ ಕರಗಿಸುತ್ತದೆ. ಮರಳಿ ಬರುವ ಲೋ ಗ್ರೇಡಿಗೇ ಎಂದು ಅಮೆರಿಕದಲ್ಲಿ 2025ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿದೆ. ಅದಕ್ಕಾಗಿ ಇಲ್ಲಿ ಯಾರೂ ಚಿಕಿತ್ಸೆ ನಿಲ್ಲಿಸಿ ಕಾಯಬೇಡಿ. ಅದನ್ನು ಹಾಕಿಸಿಕೊಂಡವರಿಗೂ ಸಿಸ್ಟೋಸ್ಕೋಪಿ ತಪ್ಪುವುದಿಲ್ಲ.

ಬೀಡಿ ಬಿಡಿ. ಸೇದುತ್ತಲೇ ಇದ್ದರೆ ಮರಳಿ ಬರುವುದು ಹೆಚ್ಚು.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆಪರೇಷನ್ನಿಗೆ ಹೊರಡುವ ಮೊದಲು ಎಸ್.ಎನ್.ಆರ್. ಜಿಲ್ಲಾಸ್ಪತ್ರೆಯಲ್ಲಿ ರೆಫರಲ್ ಪತ್ರ ಕೇಳಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ, ಕಿದ್ವಾಯಿ ಎರಡೂ ಸರ್ಕಾರದವೇ. ಹೋಗುವಾಗ ಹಳೆಯ ಬಯಾಪ್ಸಿ ರಿಪೋರ್ಟು ಒಂದೂ ಬಿಡದೆ ಒಯ್ಯಿರಿ. ಗ್ರೇಡ್ ಯಾವುದು, ಪೊರೆಯ ಕೆಳಗೆ ಇಳಿದಿದೆಯೇ, ತುಂಡಿನಲ್ಲಿ ಮಾಂಸದ ಪದರ ಸಿಕ್ಕಿದೆಯೇ, ಈ ಮೂರನ್ನೂ ಡಾಕ್ಟರು ಅದರಲ್ಲೇ ನೋಡುವುದು.

ಪರೀಕ್ಷೆಯೋ ಆಪರೇಷನ್ನೋ ಆಗಿ ಮನೆಗೆ ಬಂದ ಮೇಲೆ ಚಳಿಜ್ವರ ಬಂದರೆ, ರಕ್ತ ಹೆಪ್ಪುಗಟ್ಟಿ ಮೂತ್ರ ನಿಂತು ಹೊಟ್ಟೆ ಬಿಗಿದರೆ, ಅದು ರಾತ್ರಿ ಎರಡು ಗಂಟೆಯಾದರೂ ಬೆಳಗಾಗಲಿ ಎನ್ನಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ, ಕ್ಯಾಥೆಟರ್ ಹಾಕಿ ಮೂತ್ರಕೋಶ ತೊಳೆಯಬೇಕು ಎಂದು ನೀವೇ ಹೇಳಿ. ನಮಸ್ಕಾರ.