ಬಾಹ್ಯಾಕಾಶ ಟೆಲಿಸ್ಕೋಪಿಗೆ 'ಅಲ್ಲಿ ನೋಡು' ಅಂತ ಹೇಳುವುದು ಯಾರು?

(ತೆರೆಯ ಮೇಲೆ: ವೆಬ್ ಟೆಲಿಸ್ಕೋಪಿನ ಮೊದಲ ಚಿತ್ರ, ಸಾವಿರಾರು ಗೆಲಾಕ್ಸಿಗಳು)

ನಮಸ್ಕಾರ, ದಾವಣಗೆರೆಯಿಂದ ಮಾತಾಡುತ್ತಿದ್ದೇನೆ. ಈ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. 2022ರ ಜುಲೈ 11ರಂದು ಅಮೆರಿಕದ ಅಧ್ಯಕ್ಷರೇ ಇದನ್ನು ಬಿಡುಗಡೆ ಮಾಡಿದರು. ಜೇಮ್ಸ್ ವೆಬ್ ಟೆಲಿಸ್ಕೋಪು ಒಟ್ಟು ಹನ್ನೆರಡೂವರೆ ಗಂಟೆ ಒಂದೇ ಕಡೆ ನೋಡಿ ತೆಗೆದ ಚಿತ್ರ. ಇದನ್ನು ನೋಡಿದವರೆಲ್ಲ ಎಷ್ಟು ದೂರ, ಎಷ್ಟು ಹಳೆಯದು ಅಂತ ಕೇಳುತ್ತಾರೆ. ಇವತ್ತು ನಾವು ಬೇರೆ ಪ್ರಶ್ನೆ ಹಿಡಿಯೋಣ. ಆಕಾಶದಲ್ಲಿ ಇಷ್ಟೊಂದು ಜಾಗ ಇರುವಾಗ ಯಾವ ಕಡೆ ತಿರುಗಬೇಕು ಅಂತ ಟೆಲಿಸ್ಕೋಪಿಗೆ ಹೇಳುವುದು ಯಾರು?

(ತೆರೆಯ ಮೇಲೆ: ಬಾಲ್ಟಿಮೋರ್ ನಕ್ಷೆ)

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್ ಅಂತ ಒಂದು ಸಂಸ್ಥೆ ಇದೆ. ಶುರುವಾದದ್ದು 1981ರಲ್ಲಿ. ಇವರು ನಡೆಸುವ ಹಬಲ್ ಟೆಲಿಸ್ಕೋಪು ಮೇಲೆ ಹೋದದ್ದು 1990ರಲ್ಲಿ. ಅಂದರೆ ಟೆಲಿಸ್ಕೋಪು ಹಾರುವ ಒಂಬತ್ತು ವರ್ಷ ಮೊದಲೇ ಅದನ್ನು ನಡೆಸುವ ಕಚೇರಿ ತಯಾರಾಗಿತ್ತು. ಈಗ ವೆಬ್‌ನ ವಿಜ್ಞಾನದ ಕೆಲಸವನ್ನೂ ಇವರೇ ನೋಡಿಕೊಳ್ಳುತ್ತಾರೆ.

ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾರೆ. ಯಾವ ದೇಶದವರಾದರೂ ಹಾಕಬಹುದು. ಏನು ನೋಡಬೇಕು, ಎಷ್ಟು ಹೊತ್ತು, ಅದರಿಂದ ಏನು ತಿಳಿಯುತ್ತದೆ ಅಂತ ಬರೆದುಕೊಡಬೇಕು. ವೆಬ್‌ನ ನಾಲ್ಕನೇ ಸುತ್ತಿಗೆ 2,377 ಅರ್ಜಿ ಬಂದವು. ಕೇಳಿದ ಸಮಯ ಸುಮಾರು 78,000 ಗಂಟೆ! ವರ್ಷಕ್ಕೆ ಇರುವುದೇ 8,760 ಗಂಟೆ ಅಲ್ವಾ?

ಅರ್ಜಿ ಓದುವವರು ಬೇರೆ ಬೇರೆ ಕಡೆಯ ಖಗೋಳ ವಿಜ್ಞಾನಿಗಳು. 2018ರಿಂದ ಹಬಲ್ ಅರ್ಜಿಗಳಲ್ಲಿ ಬರೆದವರ ಹೆಸರು ಇವರಿಗೆ ಕಾಣುವುದಿಲ್ಲ. ಆ ಪದ್ಧತಿ ಬಂದ ಮೊದಲ ಸಲವೇ ಹೆಂಗಸರ ನಾಯಕತ್ವದ ಅರ್ಜಿಗಳು ಗಂಡಸರ ಅರ್ಜಿಗಳಿಗಿಂತ ಸ್ವಲ್ಪ ಜಾಸ್ತಿ ಪ್ರಮಾಣದಲ್ಲಿ ಆಯ್ಕೆಯಾದವು. ಅದಕ್ಕೂ ಹಿಂದೆ ಬಹಳ ವರ್ಷ ಉಲ್ಟಾ ಇತ್ತು. ಹೆಸರು ಮುಚ್ಚಿದ್ದಕ್ಕೆ ಇಷ್ಟು ವ್ಯತ್ಯಾಸ!

ಆಯ್ಕೆ ಆದ ಮೇಲೆ ವೇಳಾಪಟ್ಟಿ. ಒಂದೇ ಬಸ್ಸು ಹರಿಹರಕ್ಕೆ ಹೋಗಿ, ಅಲ್ಲಿಂದ ಚಿತ್ರದುರ್ಗಕ್ಕೆ ಬಂದು, ಮತ್ತೆ ಹರಿಹರಕ್ಕೆ ಓಡಿದರೆ ಡೀಸೆಲ್ ದಂಡ. ಟೆಲಿಸ್ಕೋಪನ್ನೂ ಹಾಗೆ ಸುಮ್ನೆ ಅಲೆದಾಡಿಸುವಂತಿಲ್ಲ. ಹತ್ತಿರ ಹತ್ತಿರದ ಗುರಿಗಳನ್ನು ಒಟ್ಟಿಗೆ ಜೋಡಿಸುತ್ತಾರೆ. ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಬಿಸಿಲು ಕನ್ನಡಿಗೆ ತಾಗದಂತೆ ಅದರ ಛತ್ರಿ ಸದಾ ಸೂರ್ಯನ ಕಡೆಗೇ ಇರಬೇಕು. ಹಾಗಾಗಿ ಯಾವುದೇ ಹೊತ್ತಿನಲ್ಲಿ ಆಕಾಶದ ಸುಮಾರು 40 ಶೇಕಡಾ ಮಾತ್ರ ಅದಕ್ಕೆ ಸಿಗುತ್ತದೆ. ಉಳಿದದ್ದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಪಟ್ಟಿಯನ್ನು ಮೊದಲೇ ಕಳಿಸಿರುತ್ತಾರೆ. ದಾರಿ ಹಿಡಿಯಲು ಬೇಕಾದ ನಕ್ಷತ್ರ ಸಿಗಲಿಲ್ಲ ಅಂದರೆ, ಭೂಮಿಯನ್ನು ಕೇಳದೆ ತಾನೇ ಮುಂದಿನ ಗುರಿಗೆ ಹೋಗುತ್ತದೆ. ಫೋಟೋದ ಹೊತ್ತಿಗೆ ಬಟನ್ ಒತ್ತುವವರು ಯಾರೂ ಇಲ್ಲ.

(ತೆರೆಯ ಮೇಲೆ: ಹಬಲ್ ಡೀಪ್ ಫೀಲ್ಡ್)

ಆದರೆ ಅರ್ಜಿ ಓದುವ ಸಮಿತಿಯನ್ನು ಕೇಳದೆ ಬಳಸಲು ಬಾಲ್ಟಿಮೋರ್ ಸಂಸ್ಥೆಯ ನಿರ್ದೇಶಕರ ಕೈಯಲ್ಲೂ ಸ್ವಲ್ಪ ಸಮಯ ಇರುತ್ತದೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಬಹಳ ಇಷ್ಟವಾದ ಭಾಗ ಇದು. 1995ರಲ್ಲಿ ನಿರ್ದೇಶಕರಾಗಿದ್ದವರು ರಾಬರ್ಟ್ ವಿಲಿಯಮ್ಸ್. ಅವರು ಆ ಸಮಯವನ್ನು ಏನೂ ಕಾಣದ ಒಂದು ಜಾಗಕ್ಕೆ ಕೊಟ್ಟರು. ಬೇಸಿಗೆಯ ರಾತ್ರಿ ಚಿತ್ರದುರ್ಗದ ದೀಪಗಳನ್ನು ದಾಟಿ ಹೊಳಲ್ಕೆರೆ ರಸ್ತೆಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಸಪ್ತರ್ಷಿ ಮಂಡಲ ಕಾಣುತ್ತದಲ್ಲ, ಅದರ ಬಳಿ. ಚಂದ್ರನ ಅಗಲದ ಹತ್ತರಲ್ಲೊಂದು ಪಾಲಿಗೂ ಕಡಿಮೆ ಅಗಲದ ತುಣುಕು. ದಂಡ ಅಂತ ಎಚ್ಚರಿಸಿದವರೂ ಇದ್ದರು. ಡಿಸೆಂಬರ್‌ನಲ್ಲಿ ಹತ್ತು ದಿನ ಹಬಲ್ ಅಲ್ಲೇ ನೋಡಿತು. ಸುಮಾರು 3,000 ಗೆಲಾಕ್ಸಿ ಸಿಕ್ಕವು.

ಇನ್ನೊಂದು ಕೆಲಸವನ್ನೂ ಅವರು ಮಾಡಿದರು. ಸಿಕ್ಕ ಡೇಟಾವನ್ನು ಇಟ್ಟುಕೊಳ್ಳದೆ, ಕೆಲವೇ ವಾರಗಳಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಆಗಿನ ಕಾಲಕ್ಕೆ ಅದು ದೊಡ್ಡ ಮಾತು.

(ತೆರೆಯ ಮೇಲೆ: ತುಮಕೂರು ರಸ್ತೆ, ಪೀಣ್ಯ)

ಇದೆಲ್ಲ ಅಮೆರಿಕದ ಕಥೆ ಅಂದುಕೊಳ್ಳಬೇಡಿ. ನಾವು ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಪೀಣ್ಯ ಬರುತ್ತದಲ್ಲ, ಭಾರತದ ಆಸ್ಟ್ರೋಸ್ಯಾಟ್ ಟೆಲಿಸ್ಕೋಪನ್ನು ನಡೆಸುವ ಇಸ್ರೋ ಕೇಂದ್ರ ಇರುವುದು ಅಲ್ಲೇ. 2015ರ ಸೆಪ್ಟೆಂಬರ್ 28ರಂದು ಹಾರಿದ್ದು, ಐದು ವರ್ಷಕ್ಕೆಂದು ಮಾಡಿದ್ದು, ಹತ್ತು ವರ್ಷ ದಾಟಿತು. ಡೇಟಾ ಸಂಗ್ರಹ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿ. ಇಲ್ಲೂ ಅರ್ಜಿ ಇದೆ, ಆಯ್ಕೆ ಇದೆ. 2016ರ ಅಕ್ಟೋಬರ್‌ನಲ್ಲಿ ಇದು 28 ಗಂಟೆಗೂ ಮೀರಿ ಒಂದೇ ತುಣುಕು ಆಕಾಶ ನೋಡಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ತೀವ್ರ ನೇರಳಾತೀತ ಬೆಳಕು ಸಿಕ್ಕಿತು. ಪುಣೆಯ ಐಯುಕಾ ಅನ್ನುವ ಖಗೋಳ ವಿಜ್ಞಾನ ಸಂಸ್ಥೆಯ ಕನಕ್ ಸಾಹಾ ಅವರ ತಂಡ ಇದನ್ನು ಪ್ರಕಟಿಸಿದ್ದು 2020ರ ಆಗಸ್ಟ್‌ನಲ್ಲಿ. ಮಧ್ಯದ ಆ ವರ್ಷಗಳು ಲೆಕ್ಕ, ಅನುಮಾನ, ಮತ್ತೆ ಲೆಕ್ಕದಲ್ಲೇ ಹೋದವು. 'ಇವತ್ತು ನೋಡಿದರು, ನಾಳೆ ಕಂಡುಹಿಡಿದರು' ಅನ್ನುವ ಸುದ್ದಿ ಬಂದರೆ ಸ್ವಲ್ಪ ತಡೆದು ಓದಿ.

ಇನ್ನು ಬಣ್ಣದ ಜಗಳ. 'ಈ ಬಣ್ಣ ಎಲ್ಲ ಸುಳ್ಳು' ಅಂತ ಕೆಲವರು ಹೇಳುತ್ತಾರೆ. ವೆಬ್ ಹೆಚ್ಚಾಗಿ ನೋಡುವುದು ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು. ಬೇರೆ ಬೇರೆ ಫಿಲ್ಟರ್‌ನಲ್ಲಿ ಕಪ್ಪು ಬಿಳುಪು ಚಿತ್ರಗಳು ಬರುತ್ತವೆ. ಉದ್ದ ಅಲೆಯ ಚಿತ್ರಕ್ಕೆ ಕೆಂಪು, ಗಿಡ್ಡ ಅಲೆಯದಕ್ಕೆ ನೀಲಿ ಕೊಟ್ಟು ಜೋಡಿಸುತ್ತಾರೆ. ಕ್ರಮ ನಿಜ, ಬಣ್ಣ ನಮಗೆ ಕಾಣಲಿ ಅಂತ. ಅಂದ ಹಾಗೆ, ವೆಬ್‌ನ ಮೊದಲ ಚಿತ್ರಗಳ ಜೊತೆ ಕಣ್ಣು ಕಾಣದವರಿಗಾಗಿ ಪ್ರತಿಯೊಂದು ಚಿತ್ರದ ವಿವರಣೆಯನ್ನೂ ಬರೆದು ಕೊಟ್ಟಿದ್ದರು.

(ತೆರೆಯ ಮೇಲೆ: ಮಾಸ್ಟ್ ಆರ್ಕೈವ್‌ನ ಹುಡುಕಾಟದ ಪುಟ)

ಅರ್ಜಿ ಹಾಕಿದವರಿಗೆ ಡೇಟಾ ಮೇಲೆ ಮೊದಲ ಹಕ್ಕು, ವೆಬ್‌ನಲ್ಲಿ ಸಾಮಾನ್ಯವಾಗಿ ಒಂದು ವರ್ಷ, ಹಬಲ್‌ನಲ್ಲಿ ಆರು ತಿಂಗಳು. ಆಮೇಲೆ ಮಾಸ್ಟ್ ಅನ್ನುವ ಆರ್ಕೈವ್‌ನಲ್ಲಿ ಎಲ್ಲರಿಗೂ ಉಚಿತ. ಹಬಲ್ ವಿಷಯದಲ್ಲಿ ಈಗ ಅರ್ಜಿದಾರರು ಬರೆಯುವ ಪ್ರಬಂಧಗಳಿಗಿಂತ ಹಳೆ ಡೇಟಾ ತೆಗೆದು ಬೇರೆಯವರು ಬರೆಯುವ ಪ್ರಬಂಧಗಳೇ ಜಾಸ್ತಿ. ಇಲ್ಲಿನ ಬಿಎಸ್ಸಿ ವಿದ್ಯಾರ್ಥಿಗೂ ಅದೇ ಫೈಲು, ಅಮೆರಿಕದ ಪ್ರೊಫೆಸರಿಗೂ ಅದೇ ಫೈಲು.

ಶುರು ಮಾಡುವವರು ಏಡಿ ನೀಹಾರಿಕೆಯ ಹಬಲ್ ಚಿತ್ರ ಹುಡುಕಿ. ಫೈಲಿನ ಮಾದರಿ ಫಿಟ್ಸ್ ಅಂತ ಇರುತ್ತದೆ. ಅದನ್ನು ತೆರೆಯಲು ಡಿಎಸ್9 ಅನ್ನುವ ತಂತ್ರಾಂಶ ಇದೆ, ಅದೂ ಉಚಿತ. ಮೊದಲು ತೆರೆದಾಗ ಬರೀ ಕಪ್ಪು ಕಂಡರೆ ಹೆದರಬೇಡಿ, ಸ್ಕೇಲ್ ಮೆನುವಿನಲ್ಲಿ ಲಾಗ್ ಆರಿಸಿ. ದೊಡ್ಡ ಫೈಲುಗಳು, ಮೊಬೈಲ್ ಡೇಟಾದಲ್ಲಿ ಇಳಿಸಬೇಡಿ. ಕಾಲೇಜು ಲ್ಯಾಬ್ ಇದ್ದರೆ ಅಲ್ಲೇ ಮಾಡಿ.